ಹಾಸ್ಟೆಲ್ಲಿಗೆ ಹೋದ ಮಗ ಯಾರ ಲೆಕ್ಕಕ್ಕ?

ನಮ್ಮ ತಂಗಿ ಅಮೇರಿಕಾದಾಗ ಇರ್ತಾಳ. ಅಕಿ ಮಗ ಕಾಲೇಜು ಸೇರಿದ ವರ್ಷ ಒಂದಿನ ಫೋನ್ ಮಾಡಿ ಅಳಲಿಕ್ಕೆ ಹತ್ತಿದ್ಲು. ಏನಾಗಿತ್ತಂದ್ರ, ಅಂವಾ ಬ್ಯಾಸಗಿ ಸೂಟ್ಯಾಗ ಅಂಗಡ್ಯಾಗ ದುಡದು, ತನ್ನ ಟ್ಯಾಕ್ಸ್ ರಿಟರ್ನ್ ತಾನ ತುಂಬಿದ್ದಾ. ಅದರಾಗ ‘ನಾ ಯಾರ ಡಿಪೆಂಡೆಂಟೂ ಅಲ್ಲ’ ಅಂತ ಬರದಿದ್ದಾ. ತಂಗಿ ಮತ್ತ ಅಕಿ ಗಂಡ ತಮ್ಮ ರಿಟರ್ನ್ ಕಳಿಸಿದ್ರ ವಾಪಸ್ ಬಂತು. “ಫೀ ತುಂಬಿದವ್ರು ನಾವು. ಈಗ ಅಂವಾ ನಮ್ಮ ಲೆಕ್ಕಕ್ಕಿಲ್ಲಂತ ಅಕ್ಕಾ!”

ಇದೇನು ಕಾಯ್ದೆ ಅಂತ ನಾನೂ ಓದಲಿಕ್ಕೆ ಕೂತೆ. ನೋಡ್ರಿ, ಇದು ನೂರು ವರ್ಷದ ಹಳೇ ಜಗಳಾ.

1917ರಾಗ, ಮಹಾಯುದ್ಧದ ಹೊತ್ತಿನಾಗ, ಒಂದೊಂದು ಮಗುವಿಗೆ 200 ಡಾಲರಿನಷ್ಟು ಆದಾಯಕ್ಕ ಅಲ್ಲಿ ತೆರಿಗಿ ಬಿಟ್ರು. ಆದ್ರ 18ರ ಒಳಗಿನ ಮಕ್ಕಳಿಗಷ್ಟ. 1944ರಾಗ ಆ ವಯಸ್ಸಿನ ಅಡ್ಡಿ ಹೋತು, ಬ್ಯಾರೆ ಅಡ್ಡಿ ಬಂತು: ಮಗ ವರ್ಷಕ್ಕ 500 ಡಾಲರ್ ದುಡದ್ರ ಅಪ್ಪನ ಲೆಕ್ಕದಿಂದ ಹೊರಗ. ಫೀಗೆ ಆಗ್ಲಿ ಅಂತ ಸೂಟ್ಯಾಗ ದುಡದ್ರ ಮನೀಗೇ ಲುಕ್ಸಾನ!

ಇದನ್ನ 1954ರಾಗ ಸರಿ ಮಾಡಿದ್ರು. ವರ್ಷದಾಗ ಐದು ತಿಂಗಳು ಪೂರ್ತಿ ಓದೋ ಮಗ ಎಷ್ಟ ಗಳಸಲಿ, ಅವನ ಖರ್ಚಿನ ಅರ್ಧಕ್ಕಿಂತ ಹೆಚ್ಚು ಅಪ್ಪ-ಅವ್ವ ನೋಡಿಕೊಂಡ್ರ ಅಂವಾ ಅವರವನ. ಸ್ಕಾಲರ್‌ಶಿಪ್ ಬಂದ್ರ ಅದನ್ನ ಎಣಸೂದಿಲ್ಲ. 1988ರಾಗ ಇದಕ್ಕ 24 ವರ್ಷದ ಮಿತಿ ಹಾಕಿದ್ರು. 2005ರಿಂದ ಪ್ರಶ್ನಿನ ತಿರುಗಿತು: ಅಪ್ಪ ಎಷ್ಟು ಕೊಟ್ಟ ಅಂತಲ್ಲ, ಮಗ ತನ್ನ ಅರ್ಧಕ್ಕಿಂತ ಹೆಚ್ಚು ಖರ್ಚು ತಾನ ನೀಗಸ್ಯಾನೇನು ಅಂತ. ವರ್ಷದ ಅರ್ಧಕ್ಕಿಂತ ಹೆಚ್ಚು ಮನ್ಯಾಗ ಇರಬೇಕು, ಖರೆ. ಆದ್ರ ಓದಲಿಕ್ಕೆ ಹೋಗಿ ಹಾಸ್ಟೆಲ್ಲಿನಾಗ ಕಳದ ದಿನಾನೂ ಮನ್ಯಾಗ ಇದ್ದಂಗ ಲೆಕ್ಕಾ.

ಫೀಗೆ ಸೋಡಿ ಬಂದದ್ದು ಭಾಳ ತಡಾ. 1997ರಾಗ ಕ್ಲಿಂಟನ್ ಸಹಿ ಮಾಡಿದ ಕಾಯ್ದೆದಾಗ ‘ಹೋಪ್’ ಕ್ರೆಡಿಟ್ ಬಂತು. ಕಾಲೇಜಿನ ಮೊದಲ ಎರಡು ವರ್ಷ, ವರ್ಷಕ್ಕ 1,500 ಡಾಲರ್ ತನಕ ತೆರಿಗ್ಯಾಗ ಕಡಿಮಿ. 2009ರಾಗ ಅದನ್ನ ನಾಕು ವರ್ಷಕ್ಕ, 2,500ರ ತನಕ ಮಾಡಿದ್ರು. ಆದಾಯ ಭಾಳ ಇದ್ದವ್ರಿಗೆ ಸಿಗೂದಿಲ್ಲ. 2018ರಿಂದ ಡಿಪೆಂಡೆಂಟ್ ಮ್ಯಾಲಿನ ಹಳೇ ವಿನಾಯ್ತಿ ಸೊನ್ನಿ ಆಗಿ, ಕಾಲೇಜಿನ ಮಕ್ಕಳಿಗೆ 500 ಡಾಲರ್ ಕ್ರೆಡಿಟ್ ಅಷ್ಟ ಉಳೀತು. ಆದ್ರೂ ಮಗನ್ನ ತಮ್ಮ ಲೆಕ್ಕದಾಗ ಯಾರು ತೋರಸ್ತಾರೋ, ಫೀ ಕ್ರೆಡಿಟ್ಟೂ ಅವರಿಗೇ. ತಂಗಿ ಅತ್ತದ್ದು ಅದಕ್ಕ.

ಕಡೀಕೆ ಹುಡುಗ ತನ್ನ ರಿಟರ್ನ್ ತಿದ್ದಿ ಮತ್ತ ಕಳಿಸಿದಾ, ಎಲ್ಲಾ ಸರಿಹೋತು. “ಮೌಶಿ, ನಾ ದೊಡ್ಡಾವಾಗೇನಿ ಅಂತ ತೋರಸಬೇಕಂತ ಬರದೆ” ಅಂದಾ. ಪಾಪ, ಅದೂ ತಪ್ಪಲ್ಲ.

ನಿಮ್ಮ ಮಕ್ಕಳೂ ಅಲ್ಲಿ ಇದ್ರ, ಅವ್ರು ರಿಟರ್ನ್ ತುಂಬೂಕಿಂತ ಮೊದಲ ಒಂದು ಫೋನ್ ಮಾಡ್ರಿ. ಗಳಸಲಿಕ್ಕೆ ಹತ್ತಿದ ಕೂಡಲೆ ಮಗ ಮನಿ ಬಿಟ್ಟಂಗ ಅಲ್ಲ ಅನ್ನೂದು ನಮಗ ಮೊದಲಿಂದ ಗೊತ್ತು. ಕಾಯ್ದೆಕ್ಕ ತಿಳೀಲಿಕ್ಕೆ 1954 ಬರಬೇಕಾತು.