ಕೊಂಬು (ಕಹಳೆ)

ಹಿತ್ತಾಳೆ ಅಥವಾ ತಾಮ್ರದ ಊದುವಾದ್ಯ; ಹೆಸರು ಪ್ರಾಣಿಯ ಕೊಂಬಿನಿಂದ ಬಂದದ್ದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಜಾತ್ರೆ, ದೇವರ ಉತ್ಸವಗಳಲ್ಲಿ ತಮಟೆ, ಉರುಮೆಗಳ ಜೊತೆ ಮೊಳಗುವ ವಾದ್ಯವಿದು.

ಎರಡು ಬಾಗುಕೊಳವೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿದರೆ ಅರ್ಧಚಂದ್ರ. ಒಂದನ್ನು ತಿರುಗಿಸಿದರೆ ಹಾವಿನ ಬಳುಕು. ಬೆರಳಿಡಲು ತೂತುಗಳಿಲ್ಲ, ಕವಾಟಗಳೂ ಇಲ್ಲ. ಊದುವವರು ಕೆನ್ನೆ ಉಬ್ಬಿಸಿ, ತುಟಿ ಬಿಗಿದು, ಉಸಿರಿನ ಒತ್ತಡ ಏರಿಳಿಸಿಯೇ ಸ್ವರ ಬದಲಿಸಬೇಕು. ಹಾಗಾಗಿ ದೊರೆಯುವುದು ಕೆಲವೇ ಸಹಜ ಸ್ವರಗಳು, ಮುಖ್ಯವಾಗಿ ಷಡ್ಜ, ಪಂಚಮ, ಮೇಲಿನ ಷಡ್ಜ.

ಯುರೋಪಿನ ಟ್ರಂಪೆಟ್, ಹಾರ್ನ್‌ಗಳಿಗೂ ಮೊದಲು ಕವಾಟ ಇರಲಿಲ್ಲ. 1818ರಲ್ಲಿ ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಕವಾಟಕ್ಕೆ ಪೇಟೆಂಟ್ ಪಡೆದರು. ಮುಂದೆ ಅವುಗಳಿಗೆ ಎಲ್ಲ ಸ್ವರಗಳೂ ದಕ್ಕಿದವು.

ಕೊಂಬಿನ ಸೊಗಸು ಬೇರೆ: ಉತ್ಸವಮೂರ್ತಿ ಗುಡಿಯಿಂದ ಹೊರಟದ್ದನ್ನು ಊರಿಗೆಲ್ಲ ಸಾರುವ ಉದ್ದನೆಯ, ಗಂಭೀರ ಮೊಳಗು.