ಕತ್ತರಿಗಾಲಿನ ಯೋಲಾಂಡಾ ಬಾಲಾಶ್

ರುಮೇನಿಯಾದ ಟಿಮಿಶೋರಾದಲ್ಲಿ 1936ರಲ್ಲಿ ಹುಟ್ಟಿದ ಬಾಲಾಶ್, ಎತ್ತರ ಜಿಗಿತದಲ್ಲಿ ಹಳೆಯ ಕತ್ತರಿ ಶೈಲಿಯನ್ನೇ ನೆಚ್ಚಿಕೊಂಡವರು. ಅಡ್ಡಪಟ್ಟಿಯ ಪಕ್ಕದ ಕಾಲು ಮೊದಲು ಚಿಮ್ಮುತ್ತದೆ. ಅದು ಆಚೆ ಇಳಿಯುತ್ತಿದ್ದಂತೆ ಇನ್ನೊಂದು ಕಾಲು ಮೇಲೇಳುತ್ತದೆ. ಮುಂಡ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಮೈಯನ್ನು ಪಟ್ಟಿಯ ಮೇಲೆ ಮಲಗಿಸಿ ದಾಟುವವರಿಗಿಂತ ಇಲ್ಲಿ ಹೆಚ್ಚು ಮೇಲಕ್ಕೆ ನೆಗೆಯಬೇಕು. ಆ ಕಸುವು ಅವರ ನೀಳ ಕಾಲುಗಳಲ್ಲಿತ್ತು.

1958ರಲ್ಲಿ ಆರು ಅಡಿ ದಾಟಿದ ಮೊದಲ ಮಹಿಳೆ ಅವರೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಜಿಗಿದದ್ದು 1.85 ಮೀಟರ್, ಬೆಳ್ಳಿ ಪದಕಕ್ಕೆ ಸಾಕಾದದ್ದು ಕೇವಲ 1.71. ನಡುವೆ ಅರ್ಧ ಗೇಣಿಗೂ ಮೀರಿದ ಅಂತರ! ಟೋಕಿಯೊದಲ್ಲಿ, 1964ರಲ್ಲಿ, ಮತ್ತೆ ಚಿನ್ನ. 1961ರಲ್ಲಿ ಸೋಫಿಯಾದಲ್ಲಿ ಬರೆದ 1.91 ಮೀಟರ್ ವಿಶ್ವದಾಖಲೆಯನ್ನು ಆಸ್ಟ್ರಿಯಾದ ಇಲೋನಾ ಗುಸೆನ್‌ಬಾವರ್ ಮುರಿದದ್ದು 1971ರಲ್ಲಿ, ಒಂದೇ ಒಂದು ಸೆಂಟಿಮೀಟರ್‌ನಿಂದ.