ಕಡಲಾಚೆಗೆ ಕಳುಹಿಸುವ ಔಷಧಿ: ದಾನಕ್ಕೂ ಒಂದು ಧರ್ಮವಿದೆ

ನಮ್ಮ ದೇವಾಲಯದ ಶತಮಾನೋತ್ಸವದ ನೆನಪಿಗಾಗಿ, ಆಫ್ರಿಕಾ ಖಂಡದಲ್ಲಿ ಕನ್ಯಾಸ್ತ್ರೀಯರು ಬಹು ಕಷ್ಟದಿಂದ ನಡೆಸುತ್ತಿರುವ ಚಿಕಿತ್ಸಾಲಯವೊಂದಕ್ಕೆ ಔಷಧಿಗಳನ್ನು ಕಳುಹಿಸಬೇಕೆಂದು ಧರ್ಮಕೇಂದ್ರದ ಭಕ್ತಾದಿಗಳು ಸಂಕಲ್ಪಿಸಿದ್ದು ಸರಿಯಷ್ಟೆ. ಸಂಗ್ರಹವಾದ ಪೆಟ್ಟಿಗೆಗಳು ಗುರುನಿವಾಸದ ಜಗುಲಿಯನ್ನು ಬಿಟ್ಟು ಏಕೆ ಕದಲಲಿಲ್ಲವೆಂದು ಅನೇಕರು ಕೇಳಿದ್ದಾರೆ. ಕೆಲವರು ಮನನೊಂದಿರುವುದನ್ನೂ ನಾವು ಬಲ್ಲೆವು. ಆ ಪ್ರಶ್ನೆಗೆ ಚರಿತ್ರೆಯೇ ಉತ್ತರ ಹೇಳಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ನಾವೇ ಪಡೆದವರೆಂಬುದನ್ನು ಮರೆಯಬಾರದು. ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ 1841ರಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಅಗಸ್ಟಸ್ ಮುಲ್ಲರ್ ಅವರು 1878ರ ಕೊನೆಯ ದಿನ ಮಂಗಳೂರಿನ ನೆಲವನ್ನು ಮೆಟ್ಟಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ಆರಂಭಿಸಿದರು. ಯುರೋಪಿನ ಔಷಧಿಗಳು ಹಡಗಿನಲ್ಲಿ ಬರುತ್ತಿದ್ದ ಕಾಲವದು. ಅವರು ಅಂಚೆಯ ಮೂಲಕ ನಾಡಿನ ನಾನಾ ಕಡೆಗಳಿಗೆ ಔಷಧಿಗಳನ್ನು ಮಾರಿ, ಬಂದ ಆದಾಯವನ್ನು ದರಿದ್ರರ ಶುಶ್ರೂಷೆಗೆ ವಿನಿಯೋಗಿಸಿದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವೂ 1895ರಲ್ಲಿ ಆಸ್ಪತ್ರೆಯೂ ತಲೆಯೆತ್ತಿದವು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೈವಾಧೀನರಾದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ಯಾವ ಔಷಧಿ ಬೇಕೆಂದು ನಿಶ್ಚಯಿಸುತ್ತಿದ್ದವರು ದೂರದಲ್ಲಿದ್ದವರಲ್ಲ, ರೋಗಿಯ ಮುಖವನ್ನು ದಿನವೂ ಕಾಣುತ್ತಿದ್ದ ಮುಲ್ಲರ್ ಸ್ವಾಮಿಗಳೇ.

ಈ ವಿವೇಕವನ್ನು ಜಗತ್ತು ಮರೆತಾಗ ಏನಾಯಿತೆಂಬುದಕ್ಕೆ ಅರ್ಮೇನಿಯಾ ಸಾಕ್ಷಿ. 1988ರ ಡಿಸೆಂಬರ್ 7ರಂದು ಅಲ್ಲಿ ಘೋರ ಭೂಕಂಪವಾಯಿತು. ಮರುಗಿದ ಲೋಕವು 5,000 ಟನ್ ಔಷಧಿ ಹಾಗೂ ವೈದ್ಯಕೀಯ ಸಾಮಗ್ರಿಗಳನ್ನು ಕಳುಹಿಸಿತು. ಬಂದದ್ದೇನೆಂದು ತಿಳಿಯಲು 50 ಜನರಿಗೆ ಆರು ತಿಂಗಳು ಹಿಡಿಯಿತು. ಔಷಧಿಗಳಲ್ಲಿ ಶೇಕಡಾ 8ರಷ್ಟು ತಲುಪುವಷ್ಟರಲ್ಲೇ ಅವಧಿ ಮೀರಿದ್ದವು. ಶೇಕಡಾ 4ರಷ್ಟು ಹಿಮಕ್ಕೆ ಸಿಕ್ಕಿ ಕೆಟ್ಟವು. ಉಳಿದವುಗಳಲ್ಲಿ ಸುಲಭವಾಗಿ ಗುರುತು ಹಿಡಿಯಬಹುದಾಗಿದ್ದುದು ಶೇಕಡಾ 30 ಮಾತ್ರ. ಅವಶೇಷಗಳಡಿಯಿಂದ ಗಾಯಾಳುಗಳನ್ನು ಎತ್ತಿ ತರುತ್ತಿದ್ದ ನಾಡಿನಲ್ಲಿ ವಿದ್ಯಾವಂತರ ಕೈಗಳು ಪೆಟ್ಟಿಗೆ ಬಿಚ್ಚುವುದರಲ್ಲೇ ಸವೆದವು.

1989ರಲ್ಲಿ, ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿದ್ದ ಎರಿಟ್ರಿಯಾಕ್ಕೆ ಏಳು ಲಾರಿಗಳಷ್ಟು ಅವಧಿ ಮೀರಿದ ಆಸ್ಪಿರಿನ್ ಮಾತ್ರೆಗಳು ಬಂದವು. ಅವನ್ನು ಸುಟ್ಟು ಮುಗಿಸಲು ಆರು ತಿಂಗಳು ಬೇಕಾಯಿತು. 1992ರಿಂದ 1996ರವರೆಗೆ ಬೋಸ್ನಿಯಾಕ್ಕೆ ಬಂದ ಔಷಧಿಗಳಲ್ಲಿ ಸುಮಾರು 17,000 ಟನ್ ನಿರುಪಯುಕ್ತವಾಗಿದ್ದವೆಂದು ಅಂದಾಜು ಮಾಡಲಾಯಿತು. ಕೊಟ್ಟವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ ಇದ್ದಿರಬೇಕು. ಆದರೂ ಅವರ ಕೊಡುಗೆ ಪಡೆದವರಿಗೆ ಹೊರೆಯಾಯಿತು.

ಈ ತಪ್ಪನ್ನು ತಿದ್ದಲು ಮೊದಲು ಮುಂದಾದವರಲ್ಲಿ ಕ್ರೈಸ್ತರೂ ಇದ್ದರೆಂಬುದು ಸಮಾಧಾನದ ಸಂಗತಿ. ಜಾಗತಿಕ ಕ್ರೈಸ್ತಸಭೆಗಳ ಒಕ್ಕೂಟದ ವೈದ್ಯಕೀಯ ಆಯೋಗವು 1988ರಲ್ಲಿ ಔಷಧಿದಾನಕ್ಕೆ ನಿಯಮಗಳನ್ನು ರೂಪಿಸಿತು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಡನೆ ಕೂಡಿ ವಿಸ್ತಾರವಾದ ಮಾರ್ಗಸೂಚಿಯನ್ನು ಹೊರಡಿಸಿತು. ಅದರ ಸಾರ ಇಷ್ಟೆ: ಪಡೆಯುವವರನ್ನು ಕೇಳದೆ ಏನನ್ನೂ ಕಳುಹಿಸಬಾರದು, ನಮಗೆ ಬೇಡವಾದದ್ದು ಬಡವರಿಗಾದೀತೆಂಬ ಎರಡು ಬಗೆಯ ಅಳತೆ ಸಲ್ಲದು, ರೋಗಿಗೆ ಒಮ್ಮೆ ಕೊಟ್ಟು ಹಿಂದಕ್ಕೆ ಬಂದ ಔಷಧಿಯನ್ನು ದಾನವಾಗಿ ಕೊಡಬಾರದು, ತಲುಪಿದ ಮೇಲೂ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ಅಲ್ಲಿನ ವೈದ್ಯರಿಗೆ ತಿಳಿಯುವ ಭಾಷೆಯಲ್ಲಿ ಔಷಧಿಯ ಮೂಲ ಹೆಸರು ಬರೆದಿರಬೇಕು. ತುರ್ತು ಕಾಲ ಕಳೆದ ಬಳಿಕ, ಔಷಧಿಗಿಂತ ಹಣವೇ ಬಹುಮಟ್ಟಿಗೆ ಹೆಚ್ಚು ಉಪಕಾರಿ.

ಈ ನಿಯಮಗಳನ್ನು ನಾವು ತಿಳಿದದ್ದು ತಡವಾಗಿ. ಪೀಠದಿಂದ ಔಷಧಿಗಾಗಿ ಕರೆ ಕೊಟ್ಟವರು ನಾವೇ; ಚಿಕಿತ್ಸಾಲಯದವರನ್ನು ಮೊದಲು ವಿಚಾರಿಸದಿದ್ದ ತಪ್ಪೂ ನಮ್ಮದೇ. ಔಷಧಿ ಅಂಗಡಿ ನಡೆಸುವ ನಮ್ಮ ಭಕ್ತರೊಬ್ಬರು ಪೆಟ್ಟಿಗೆಗಳನ್ನು ಪರೀಕ್ಷಿಸಿದಾಗ ಅರ್ಧ ಕುಡಿದ ಶೀಶೆಗಳೂ, ಹೆಸರು ಹರಿದ ಮಾತ್ರೆಪಟ್ಟಿಗಳೂ, ತೀರಿಹೋದ ತಾಯಂದಿರ ಮಂಚದ ಬಳಿಯಿಂದ ಎತ್ತಿ ತಂದ ಔಷಧಿಗಳೂ ಕಂಡವು. ಕೊಟ್ಟವರ ಕಣ್ಣೀರು ಅವುಗಳಲ್ಲಿತ್ತು. ಆದರೆ ಅವನ್ನು ರೋಗಿಗೆ ಕೊಡುವಂತಿರಲಿಲ್ಲ. ಬಳಿಕ ಅಲ್ಲಿನ ಕನ್ಯಾಸ್ತ್ರೀಯರಿಗೆ ಪತ್ರ ಬರೆದೆವು. ತಮಗೆ ಬೇಕಾದವು ಕೆಲವೇ ಔಷಧಿಗಳೆಂದೂ, ಅವು ತಮ್ಮ ಸಮೀಪದ ಪಟ್ಟಣದಲ್ಲೇ ದೊರೆಯುತ್ತವೆಯೆಂದೂ, ಕೊರತೆ ಹಣದ್ದೆಂದೂ ಅವರು ಉತ್ತರಿಸಿದರು. ಆದುದರಿಂದ ಪೆಟ್ಟಿಗೆಗಳನ್ನು ಕಳುಹಿಸುವುದಿಲ್ಲ. ಮೇತ್ರಾಸನದ ಸಲಹೆ ಪಡೆದು, ಕಾನೂನಿನ ವಿಧಿಗಳಿಗೆ ಒಳಪಟ್ಟು ಅವರಿಗೆ ನೆರವಾಗುವ ಮಾರ್ಗವನ್ನು ಹುಡುಕುತ್ತಿದ್ದೇವೆ.

ಶುಭಸಂದೇಶದ ದಯಾಳು ಸಮಾರಿಯದವನನ್ನು ಸ್ಮರಿಸೋಣ. ಅವನು ಮೊದಲು ಹತ್ತಿರ ಹೋಗಿ ಗಾಯವನ್ನು ಕಂಡನು. ಆಮೇಲೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಸುರಿದನು. ಮರುದಿನ ಹೊರಡುವಾಗ ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತು, ಆರೈಕೆಯನ್ನು ಅವನ ವಿವೇಕಕ್ಕೇ ಬಿಟ್ಟನು. ಹೆಚ್ಚು ತಗುಲಿದರೆ ಹಿಂದಿರುಗಿ ಬಂದಾಗ ಕೊಡುವುದಾಗಿಯೂ ಮಾತಿತ್ತನು. ಕೊಡುವವನ ಕೆಲಸ ಕೊಟ್ಟಲ್ಲಿಗೆ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನೂರು ವರ್ಷಗಳ ಕಾಲ ಪಡೆದ ವರಗಳಿಗಾಗಿ ದೇವರನ್ನು ಸ್ತುತಿಸುತ್ತಿರುವ ನಾವು, ಕೊಡುವುದನ್ನು ಕಲಿಯಲು ಇನ್ನೂ ಶಿಷ್ಯರೇ. ರೋಗಿಗಳ ರೂಪದಲ್ಲಿ ನಮ್ಮ ಮುಂದೆ ನಿಲ್ಲುವ ಪ್ರಭು ಯೇಸುಕ್ರಿಸ್ತರು ನಮಗೆ ಉದಾರ ಹೃದಯದೊಡನೆ ವಿವೇಕವನ್ನೂ ದಯಪಾಲಿಸಲಿ.